ಮೆಲುದನಿಗೆ ವಾಲ್ಯೂಮ್ ಏರಿಸಿ

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸ್ಟೋ ಕಾಲೇಜಿನಲ್ಲಿ ಸಂಗೀತದ ವ್ಯಾಪಾರ ಕಲಿಸುವ ಕೋರ್ಸೊಂದಿತ್ತು. ಅದರ ಪ್ರಾಕ್ಟಿಕಲ್ ಮಜವಾಗಿತ್ತು. ವಿದ್ಯಾರ್ಥಿಗಳೇ ಪ್ರತಿವರ್ಷ ಒಂದು ಬ್ಯಾಂಡನ್ನು ಆರಿಸಬೇಕು, ಅದರ ಹಾಡುಗಳ ಗ್ರಾಮಫೋನ್ ತಟ್ಟೆ ಒತ್ತಿಸಬೇಕು, ಕವರ್ ಮಾಡಿಸಿ ಅಂಗಡಿಗಳಿಗೆ ಹಾಕಿ ಮಾರಬೇಕು. ಕಾಲೇಜಿನ ಆ ರೆಕಾರ್ಡ್ ಲೇಬಲ್ಲಿಗೆ ಎಲೆಕ್ಟ್ರಿಕ್ ಹನಿ ಎಂದು ಹೆಸರು. ವಾಡಿಕೆಯಂತೆ ವರ್ಷಕ್ಕೊಂದು ಸಿಂಗಲ್, ಅಂದರೆ ಒಂದೆರಡು ಹಾಡಿನ ತಟ್ಟೆ, ತರುತ್ತಿದ್ದರು. 1996ರಲ್ಲಿ ಸಿಕ್ಕ ಬ್ಯಾಂಡಿನ ಬಳಿ ಮಾತ್ರ ಹಾಡುಗಳು ರಾಶಿ ಬಿದ್ದಿದ್ದವು. ಹಾಗಿದ್ದರೆ ಪೂರ್ತಿ ಆಲ್ಬಮ್ಮೇ ಆಗಲಿ ಎಂದರು. ರೆಕಾರ್ಡಿಂಗು ಮೂರು ದಿನದಲ್ಲಿ ಮುಗಿಯಿತು. ಒತ್ತಿಸಿದ್ದು ಒಂದೇ ಸಾವಿರ ಪ್ರತಿ. ಆಲ್ಬಮ್ಮಿನ ಹೆಸರು 'ಟೈಗರ್‌ಮಿಲ್ಕ್', ಬ್ಯಾಂಡಿನ ಹೆಸರು ಬೆಲ್ ಅಂಡ್ ಸೆಬಾಸ್ಟಿಯನ್.

ಇಂಗ್ಲೆಂಡಿನಲ್ಲಿ ಅದು ಒಯೇಸಿಸ್ ಬ್ಯಾಂಡಿನ ಕಾಲ. ಗಿಟಾರಿನ ಗೋಡೆ ಕಟ್ಟಿ, ಎದೆ ಸೆಟೆಸಿ, ಮೈದಾನ ತುಂಬಿಸಿ ಹಾಡುವುದೇ ಗಂಡಸುತನ ಎನ್ನುವಂತಿತ್ತು ವಾತಾವರಣ. ಅಂಥದ್ದರಲ್ಲಿ ಈ ಗ್ಲಾಸ್ಗೋದವರು ಚೆಲ್ಲೋ, ಪಿಟೀಲು, ಕಹಳೆ ಇಟ್ಟುಕೊಂಡು, ಪಕ್ಕದ ಮನೆಯವರಿಗೆ ಕೇಳಿಸೀತು ಎಂಬ ಅಳುಕಿನಲ್ಲಿದ್ದವರಂತೆ ಹಾಡಿದರು. ಹಾಡು ಬರೆದ ಸ್ಟುವರ್ಟ್ ಮರ್ಡಾಕ್ ಅದಕ್ಕೂ ಮುಂಚೆ ಸುಮಾರು ಏಳು ವರ್ಷ ದೀರ್ಘಕಾಲದ ಆಯಾಸದ ಕಾಯಿಲೆಯಿಂದ ನರಳಿದ್ದ. ಓದು, ಕೆಲಸ, ಗೆಳೆಯರು ಎಲ್ಲ ಕೈಬಿಟ್ಟುಹೋದ ಆ ದಿನಗಳಲ್ಲೇ ಅವನು ಹಾಡು ಕಟ್ಟಲು ಶುರುಮಾಡಿದ್ದು. ಆಮೇಲೆ ಬಹುಕಾಲ ಒಂದು ಚರ್ಚಿನ ಸಭಾಂಗಣದ ಉಸ್ತುವಾರಿ ನೋಡಿಕೊಳ್ಳುತ್ತ, ಅದರ ಮೇಲಿನ ಮಹಡಿಯಲ್ಲೇ ವಾಸವಿದ್ದ. ಹಾಡುಗಳ ತುಂಬ ಬಸ್ಸು, ಶಾಲೆ, ಚರ್ಚು, ಮಾತು ಬಾರದ ಹುಡುಗರು, ಎಲ್ಲವನ್ನೂ ಗಮನಿಸುವ ಹುಡುಗಿಯರು.

ಅದೇ ವರ್ಷ ನವೆಂಬರಿನಲ್ಲಿ ಬಂದ ಎರಡನೆಯ ಆಲ್ಬಮ್ 'ಇಫ್ ಯು ಆರ್ ಫೀಲಿಂಗ್ ಸಿನಿಸ್ಟರ್'. ಅದರ ಹೆಸರಿನದೇ ಹಾಡೊಂದಿದೆ. ಆಟದ ಮೈದಾನದಲ್ಲಿ ಮಕ್ಕಳು ಕಿರುಚಾಡುವ ಸದ್ದು ಹಿನ್ನೆಲೆಯಲ್ಲಿದೆ. ಅದರ ಮೇಲೆ ಹಗುರವಾದ ಗಿಟಾರು, ಪಿಯಾನೋ. ರಾಗ ಕೇಳಿದರೆ ಭಾನುವಾರದ ಮಧ್ಯಾಹ್ನದ ಹಾಗಿದೆ. ಕಥೆಗೆ ಕಿವಿಗೊಟ್ಟರೆ, ಬದುಕು ಬೇಡವಾದ ಎಳೆಯರು, ಸಮಾಧಾನ ಹುಡುಕಿಕೊಂಡು ಚರ್ಚಿಗೆ ಹೋದವರಿಗೆ ಸಿಗುವ ಪೊಳ್ಳು ಉತ್ತರ. ಇದನ್ನು ಎಷ್ಟೋ ಮಂದಿ ಅಡುಗೆ ಮಾಡುತ್ತಾ, ಇಮೇಲ್ ಬರೆಯುತ್ತಾ 'ಎಷ್ಟು ಹಿತವಾಗಿದೆ' ಎಂದು ಕೇಳಿ ಮುಗಿಸಿರುತ್ತಾರೆ. ಮೆಲ್ಲಗಿನ ಹಾಡಿಗೆ ಒದಗುವ ದೊಡ್ಡ ಅಪಾಯ ಇದೇ. ಅಬ್ಬರದ ಹಾಡು ಕತ್ತಿನ ಪಟ್ಟಿ ಹಿಡಿದು ಕೇಳಿಸುತ್ತದೆ. ಇದು ನಾವಾಗಿ ಹತ್ತಿರ ಹೋಗುವವರೆಗೂ ಸುಮ್ಮನಿರುತ್ತದೆ, ನಾವು ಹೋಗದಿದ್ದರೆ ಗೋಡೆಯ ಬಣ್ಣವಾಗಿ ಉಳಿದುಬಿಡುತ್ತದೆ.

ಇಂಥ ಹಾಡುಗಳಿಗೆ ಇಂಡೀ ಪಾಪ್ ಎಂದು ಹೆಸರು. ಹಾಗೆಂದರೆ ಈಗ ಒಂದು ಬಗೆಯ ನಾದ ಎಂದೇ ರೂಢಿ: ಮಂದ ಗಿಟಾರು, ಉಸಿರು ಬೆರೆತ ಕಂಠ, ಸ್ವಲ್ಪ ಮಂಕು. ಮೊದಲಿಗೆ ಅದು ಬರೀ ಸಾಗಾಣಿಕೆಯ ಲೆಕ್ಕವಾಗಿತ್ತು. 1980ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಇಂಡೀ ಚಾರ್ಟ್ ಶುರುವಾದಾಗ ಅದರೊಳಗೆ ಸೇರಲು ಇದ್ದ ಅರ್ಹತೆ ಒಂದೇ. ತಟ್ಟೆ ದೊಡ್ಡ ಕಂಪನಿಗಳ ಲಾರಿಯಲ್ಲಿ ಅಂಗಡಿಗೆ ಬಂದಿರಬಾರದು, ಸ್ವತಂತ್ರ ವಿತರಕರ ಮೂಲಕ ಬಂದಿರಬೇಕು. ಹಾಡು ಹೇಗಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಸಣ್ಣ ಬಂಡವಾಳದವರು ಸಣ್ಣ ಸ್ಟುಡಿಯೋದಲ್ಲಿ ಎರಡು ಮೂರು ದಿನದ ಬಾಡಿಗೆಗೆ ಮಾಡಿಕೊಂಡ ಸಂಗೀತ ತಾನಾಗಿ ಸಣ್ಣ ದನಿಯದಾಯಿತು ಎಂದು ಹೇಳುವವರಿದ್ದಾರೆ. ಅರ್ಧ ನಿಜ. ಅದೇ ದುಡ್ಡಿನಲ್ಲಿ ಕಿವಿ ಹರಿಯುವ ಹಾಗೆ ಬಾರಿಸಿದವರೂ ಬೇಕಾದಷ್ಟಿದ್ದರು. ಅಗ್ಗದ ಆಂಪ್ಲಿಫೈಯರಿಗೂ ಗದ್ದಲ ಮಾಡಲು ಬರುತ್ತದೆ. ಹೀಗಾಗಿ ಮೆಲ್ಲಗೆ ಹಾಡುವುದು ಅವರವರೇ ಯೋಚಿಸಿ ತೆಗೆದುಕೊಂಡ ತೀರ್ಮಾನ.

ಆ ತೀರ್ಮಾನದ ಅತಿ ಕಟ್ಟುನಿಟ್ಟಿನ ರೂಪ ಬಂದದ್ದು ವೇಲ್ಸಿನ ಕಾರ್ಡಿಫ್‌ನಿಂದ. ಯಂಗ್ ಮಾರ್ಬಲ್ ಜೈಂಟ್ಸ್ ಎಂಬ ಮೂವರ ಬ್ಯಾಂಡು 1980ರಲ್ಲಿ 'ಕಲಾಸಲ್ ಯೂತ್' ಎಂಬ ಒಂದೇ ಒಂದು ಆಲ್ಬಮ್ ಮಾಡಿತು. ಪಂಕ್ ಸಂಗೀತದ ಬೆಂಕಿ ಇನ್ನೂ ಆರಿರಲಿಲ್ಲ. ಇವರಿಗೆ ಡ್ರಮ್ಮರೇ ಇಲ್ಲ. ತಾಳಕ್ಕೆ ಟೇಪಿನಲ್ಲಿ ಮುದ್ರಿಸಿಟ್ಟುಕೊಂಡ ಯಂತ್ರದ ಟಿಕ್ ಟಿಕ್, ಒಂದು ಬೇಸು, ಒಂದು ಗಿಟಾರು, ಹಳೆಯ ಆರ್ಗನ್ನು. ಆಲಿಸನ್ ಸ್ಟ್ಯಾಟನ್ ಹಾಡುತ್ತಿದ್ದುದು ಪಕ್ಕದಲ್ಲಿ ಕೂತವರಿಗೆ ವಿಳಾಸ ಹೇಳುವಷ್ಟು ಸಹಜವಾಗಿ. ಒಂದೊಂದು ಹಾಡಿನಲ್ಲೂ ಖಾಲಿ ಜಾಗವೇ ಹೆಚ್ಚು. ಮುಂದೆ ನಿರ್ವಾಣ ಬ್ಯಾಂಡಿನ ಕರ್ಟ್ ಕೋಬೇನ್, ಗಂಟಲು ಹರಿದುಕೊಂಡೇ ಲೋಕಪ್ರಸಿದ್ಧನಾದವನು, ತನ್ನ ಅತಿ ಮೆಚ್ಚಿನ ಆಲ್ಬಮ್ಮುಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದ್ದ.

ಈ ಬಳಗದಲ್ಲಿ ನನಗೆ ಹೆಚ್ಚು ಇಷ್ಟವಾದವರು ಹಾಡಿದವರಲ್ಲ, ಹಾಡಿಸಿದವರು. ಬ್ರಿಸ್ಟಲ್ ನಗರದಲ್ಲಿ 1987ರಲ್ಲಿ ಕ್ಲೇರ್ ವಾಡ್ ಮತ್ತು ಮ್ಯಾಟ್ ಹೇನ್ಸ್ ಎಂಬ ಇಬ್ಬರು ಎಳೆಯರು ಸಾರಾ ರೆಕಾರ್ಡ್ಸ್ ಶುರುಮಾಡಿದರು. ಅದಕ್ಕೂ ಮೊದಲು ಇಬ್ಬರೂ ಕೈಬರಹ, ಅಂಟು, ಕತ್ತರಿಯಿಂದ ಪುಟ ಕಟ್ಟಿ ಜೆರಾಕ್ಸ್ ಮಾಡುವ ಅಭಿಮಾನಿ ಪತ್ರಿಕೆಗಳನ್ನು ನಡೆಸುತ್ತಿದ್ದವರು. ಆಗ ದೊಡ್ಡ ಕಂಪನಿಗಳು ಒಂದೇ ಹಾಡನ್ನು 12 ಇಂಚಿನ ತಟ್ಟೆಯಲ್ಲಿ ಸ್ವಲ್ಪ ಎಳೆದು, ಇನ್ನೊಂದು ಆವೃತ್ತಿ ಎಂದು ಹೆಸರು ಹಾಕಿ, ಅದೇ ಅಭಿಮಾನಿಗೆ ಮತ್ತೆ ಮಾರುತ್ತಿದ್ದವು. ಸಾರಾದವರು ಇದನ್ನು ಹಗಲು ದರೋಡೆ ಎಂದೇ ತಿಳಿದರು. ಅವರ ಸಿಂಗಲ್‌ಗಳು ಬಹುಪಾಲು 7 ಇಂಚಿನ ಪುಟ್ಟ ತಟ್ಟೆಗಳು. ಸಿಂಗಲ್ ಕೊಂಡವರು ಆ ಹಾಡಿಗೆ ಮತ್ತೆ ದುಡ್ಡು ಕೊಡಬಾರದೆಂದು ಅದನ್ನು ಸಾಮಾನ್ಯವಾಗಿ ಬ್ಯಾಂಡಿನ ಆಲ್ಬಮ್ಮಿಗೆ ಸೇರಿಸುತ್ತಿರಲಿಲ್ಲ. ಸಂಕಲನಗಳಿಗೆ ಬ್ರಿಸ್ಟಲ್ ಸುತ್ತಲಿನ ರಸ್ತೆ, ಸೇತುವೆ, ಹಳ್ಳಿಗಳ ಹೆಸರಿಟ್ಟರು. ಪ್ರತಿ ಬಿಡುಗಡೆಗೂ ಒಂದು ಸಂಖ್ಯೆ. ಐವತ್ತನೆಯದು ತಟ್ಟೆಯೇ ಅಲ್ಲ, ಬ್ರಿಸ್ಟಲ್ ಸುತ್ತಾಡಿಸುವ ಒಂದು ಬೋರ್ಡ್ ಗೇಮು! 1995ರಲ್ಲಿ ಸಂಖ್ಯೆ ನೂರಕ್ಕೆ ಮುಟ್ಟಿತು. ಅಲ್ಲಿಗೆ ಸಂಗೀತ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಪಾರ್ಟಿ ಮಾಡಿ, ಅಂಗಡಿ ಮುಚ್ಚಿದರು. ಸಾಲದಿಂದಲ್ಲ, ಜಗಳದಿಂದಲ್ಲ. ನೂರು ಸಾಕು ಅನ್ನಿಸಿತು, ಅಷ್ಟೆ.

ಬ್ರಿಟನ್ನಿನ ಸಂಗೀತ ಪತ್ರಿಕೆಗಳು ಸಾರಾದ ಬ್ಯಾಂಡುಗಳನ್ನು ಬದುಕಗೊಟ್ಟಿದ್ದು ಕಡಿಮೆ. ಹೆಣ್ಣಿಗ ಸಂಗೀತ, ಅಳುಬುರುಕರ ಸಂಗೀತ, ಬಾಲಿಶ ಎಂದು ಮೂಗು ಮುರಿದವು. ಆ ಪತ್ರಿಕೆಗಳಲ್ಲಿ ಬರೆಯುತ್ತಿದ್ದವರು ಹೆಚ್ಚಿನಂಶ ಗಂಡಸರು, ಮತ್ತು ದನಿ ತಗ್ಗಿಸಿದ್ದನ್ನು ದನಿ ಇಲ್ಲದ್ದೆಂದು ಓದಿಕೊಂಡರು. ಹೆವನ್ಲಿ ಎಂಬ ಬ್ಯಾಂಡನ್ನೇ ನೋಡಿ. ಅಮೇಲಿಯಾ ಫ್ಲೆಚರ್ ಎಂಬ ಆಕ್ಸ್‌ಫರ್ಡಿನ ಹುಡುಗಿ ಅದರ ಹಾಡುಗಾರ್ತಿ. ಬಬಲ್‌ಗಮ್ಮಿನಂಥ ಸಿಹಿ ರಾಗಗಳು. 1993ರ ಅವರ ಒಂದು ಕಿರು ತಟ್ಟೆಯಲ್ಲಿ 'ಹಾರ್ಟ್ಸ್ ಅಂಡ್ ಕ್ರಾಸಸ್' ಎಂಬ ಹಾಡಿದೆ. ಪುಟಿಯುವ ರಾಗ, ಆಟಿಕೆಯಂಥ ಕೀಬೋರ್ಡು. ಹೇಳುತ್ತಿರುವುದು ಮೆಚ್ಚಿದ ಹುಡುಗನೇ ಬಲಾತ್ಕಾರ ಮಾಡಿದ ಹುಡುಗಿಯ ಕಥೆ. ಅದೇ ವಿಷಯವನ್ನು ಗಿಟಾರು ಕಿರುಚಿಸಿ ಹಾಡಿದ್ದರೆ ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತಿದ್ದವೇನೊ. ಆದರೆ ಆ ಸಿಹಿ ರಾಗ ಕೊನೆಯವರೆಗೂ ಏನೂ ಆಗದಂತೆ ಪುಟಿಯುತ್ತಲೇ ಇರುವುದರಲ್ಲಿದೆ ಅದರ ಭಯಂಕರತೆ.

ನಮ್ಮ ಬೆಂಗಳೂರಿನ ರಾಕ್ ಪ್ರೇಮಿಗಳ ಕಿವಿಯೂ ಅಬ್ಬರಕ್ಕೆ ಒಲಿದದ್ದೇ. 2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದದ್ದು, 2011ರಲ್ಲಿ ಮೆಟಾಲಿಕಾ ಬಂದದ್ದು ಈ ಊರಿನ ರಾಕ್ ಪುರಾಣದ ದೊಡ್ಡ ಪರ್ವಗಳು. ಹಾಗೆಂದು ಮೆಲುದನಿ ಕನ್ನಡದ ಕಿವಿಗೆ ಹೊಸದೇನಲ್ಲ. ಮೈಕ್ರೋಫೋನ್ ಬರುವವರೆಗೆ ಕಡೆಯ ಸಾಲಿನವನಿಗೂ ಕೇಳಿಸುವ ಹಾಗೆ ಹಾಡುವುದು ಹಾಡುಗಾರನ ಹಣೆಬರಹವಾಗಿತ್ತು. ರಂಗಭೂಮಿಯ ನಟರ ಕಂಠವನ್ನು ನೆನೆಸಿಕೊಳ್ಳಿ. 1925ರ ಸುಮಾರಿಗೆ ವಿದ್ಯುತ್ ರೆಕಾರ್ಡಿಂಗ್ ಬಂದ ಮೇಲೆ ಅಮೆರಿಕದಲ್ಲಿ ಬಿಂಗ್ ಕ್ರಾಸ್ಬಿಯಂಥವರು ಮೈಕಿಗೆ ಬಾಯಿ ತಂದು ಮಾತಾಡುವ ಹಾಗೆ ಹಾಡತೊಡಗಿದರು. 1958ರಲ್ಲಿ ಬ್ರೆಜಿಲ್‌ನ ಜೋವಾವ್ ಜಿಲ್ಬೆರ್ಟೊ ಅದನ್ನು ಇನ್ನೂ ತಗ್ಗಿಸಿದ. ಕಂಪನವಿಲ್ಲದ ಚಪ್ಪಟೆ ಕಂಠ, ಪಿಸುಗುಡುವ ಗಿಟಾರು, ಅದೇ ಬೋಸಾ ನೋವಾ. ಕನ್ನಡದಲ್ಲಿ ಪಿ.ಬಿ. ಶ್ರೀನಿವಾಸ್ ಮಾಡಿದ್ದೂ ಮೈಕಿನ ಅದೇ ವರವನ್ನು ಬಳಸಿಕೊಂಡ ಕೆಲಸ. ರಾಜಕುಮಾರ್ ತೆರೆಯ ಮೇಲೆ ಎಷ್ಟೇ ವೀರರಾಗಿರಲಿ, ಹಾಡಿನಲ್ಲಿ ಅವರ ಬಾಯಿಂದ ಬರುತ್ತಿದ್ದುದು ಕಿವಿಯ ಪಕ್ಕದಲ್ಲೇ ನಿಂತ ಒಂದು ಮೃದು ಕಂಠ.

ಹಾಗಾದರೆ ಇಂಥ ಮೆಲುದನಿಯನ್ನು ಕೇಳುವುದು ಹೇಗೆ? ನನ್ನ ಮೊದಲ ಸಲಹೆ ತಲೆಕೆಳಗಾದಂತೆ ಕಂಡೀತು: ಮೆಲ್ಲಗಿನ ಸಂಗೀತವನ್ನು ಮೆಲ್ಲಗೆ ಕೇಳಬೇಡಿ. 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ (ಅಮೇಲಿಯಾಗೂ ಈತನಿಗೂ ಹೆಸರಿನ ಸಂಬಂಧವಷ್ಟೇ) ಮತ್ತು ವೈಲ್ಡನ್ ಮನ್ಸನ್ ಮನುಷ್ಯರ ಕಿವಿಯನ್ನು ಅಳೆದು ನಕ್ಷೆ ಬರೆದರು. ಸದ್ದು ಕಡಿಮೆಯಾದಂತೆ ನಮ್ಮ ಕಿವಿ ಎಲ್ಲ ಸ್ವರಗಳನ್ನೂ ಒಂದೇ ಸಮ ಕಳೆದುಕೊಳ್ಳುವುದಿಲ್ಲ. ಮೊದಲು ಹೋಗುವುದು ಮಂದ್ರ. ಸ್ವಲ್ಪ ಮಟ್ಟಿಗೆ ತೀರ ಮೇಲಿನ ಸ್ವರಗಳೂ ಮಸುಕಾಗುತ್ತವೆ. ಮಾತಿನ ಮಟ್ಟದ ನಡುಸ್ವರಗಳು ಮಾತ್ರ ಉಳಿಯುತ್ತವೆ. ಹೀಗಾಗಿ ಸಣ್ಣ ವಾಲ್ಯೂಮಿನಲ್ಲಿ ಇಂಥ ಆಲ್ಬಮ್ ಹಾಕಿದರೆ ಬೇಸ್ ಗಿಟಾರು ಇರುವುದೇ ಗೊತ್ತಾಗುವುದಿಲ್ಲ, ಹಾಡುಗಾರನ ಉಸಿರೂ ಹೋಗುತ್ತದೆ. ತೆಳ್ಳಗಿನ ಗಿಟಾರು, ತೆಳ್ಳಗಿನ ದನಿ ಉಳಿದು, ಸಪ್ಪೆ ಎನ್ನಿಸುತ್ತದೆ. ಅದರ ಮೇಲೆ ನಮ್ಮ ಮನೆಯ ಫ್ಯಾನಿನ ಸದ್ದು, ಬೀದಿಯ ಹಾರನ್ನು. ವಾಲ್ಯೂಮನ್ನು ನಿಮ್ಮ ಅಂದಾಜಿಗಿಂತ ಎರಡು ಮೆಟ್ಟಿಲು ಏರಿಸಿ, ಸಾಧ್ಯವಾದರೆ ಫ್ಯಾನು ಆರಿಸಿ. ಬೇಸು ಬಂದು ಕೂರುತ್ತದೆ, ಕೋಣೆಗೆ ಆಳ ಬರುತ್ತದೆ. 'ಕಲಾಸಲ್ ಯೂತ್'ನಲ್ಲಂತೂ ಬೇಸ್ ಗಿಟಾರೇ ಅರ್ಧ ರಾಗ ಹಾಡುತ್ತಿರುತ್ತದೆ. ಅದು ಕೇಳಿಸದಿದ್ದರೆ ಆ ಆಲ್ಬಮ್ ನೀವು ಕೇಳಿಯೇ ಇಲ್ಲ.

ಈ ಹಾಡುಗಳ ಮಂದ ಮನಃಸ್ಥಿತಿ ಬರುವುದಾದರೂ ಎಲ್ಲಿಂದ? ಒಂದು ಗುಟ್ಟು ಮೇಜರ್ ಸೆವೆಂತ್ ಎಂಬ ಸ್ವರಮೇಳದಲ್ಲಿದೆ. ಕರ್ನಾಟಕ ಸಂಗೀತ ಬಲ್ಲವರಿಗೆ ಇದನ್ನು ಹೇಳುವುದು ಸುಲಭ. ಷಡ್ಜ, ಅಂತರ ಗಾಂಧಾರ, ಪಂಚಮ, ಕಾಕಲಿ ನಿಷಾದ. ಹಂಸಧ್ವನಿಯಿಂದ ರಿಷಭವನ್ನು ತೆಗೆದರೆ ಉಳಿಯುವ ನಾಲ್ಕು ಸ್ವರ. ನಾವು ಅವನ್ನು ಒಂದರ ಹಿಂದೊಂದರಂತೆ ಹಾಡುತ್ತೇವೆ, ಗಿಟಾರಿನಲ್ಲಿ ನಾಲ್ಕನ್ನೂ ಒಟ್ಟಿಗೆ ಮೀಟುತ್ತಾರೆ. ಸ, ಗ, ಪ ಮೂರೇ ಇದ್ದರೆ ಮೇಳ ನಿಶ್ಚಿಂತೆಯಿಂದ ಮನೆಗೆ ತಲುಪಿದಂತಿರುತ್ತದೆ. ಷಡ್ಜಕ್ಕೆ ಅರ್ಧ ಹೆಜ್ಜೆ ಕೆಳಗೆ ನಿಷಾದ ಸೇರಿಕೊಂಡ ಕೂಡಲೇ ಆ ನಿಶ್ಚಿಂತೆಯಲ್ಲಿ ಸಣ್ಣ ಬಿರುಕು ಬಿಡುತ್ತದೆ. ಸುಖವೂ ಅಲ್ಲ, ದುಃಖವೂ ಅಲ್ಲ. ಬೋಸಾ ನೋವಾದವರು ಇದನ್ನು ಧಾರಾಳವಾಗಿ ಬಳಸಿದರು, ಅವರಿಂದ ಇಂಡೀ ಪಾಪಿನವರು ಸಾಲ ತಂದರು. ನಾರ್ವೆಯ ಬರ್ಗೆನ್ ಊರಿನ ಕಿಂಗ್ಸ್ ಆಫ್ ಕನ್ವೀನಿಯೆನ್ಸ್ ಜೋಡಿಯಲ್ಲಿ ಈ ಸಾಲ ಎದ್ದು ಕಾಣುತ್ತದೆ. 2001ರ ಅವರ ಆಲ್ಬಮ್ಮಿಗೆ 'ಕ್ವಯಟ್ ಈಸ್ ದ ನ್ಯೂ ಲೌಡ್' ಎಂದು ಹೆಸರು. ಪತ್ರಿಕೆಗಳು ಅದನ್ನೇ ಒಂದು ಚಳವಳಿಯ ಘೋಷಣೆ ಮಾಡಿಬಿಟ್ಟವು. ಅವರನ್ನು ಕೇಳುವಾಗ ಎರಡು ಗಿಟಾರುಗಳನ್ನು ಬಿಡಿಸಿ ಕೇಳಿ: ಒಂದು ನೈಲಾನ್ ತಂತಿಯದು, ದುಂಡಗೆ. ಇನ್ನೊಂದು ಉಕ್ಕಿನ ತಂತಿಯದು, ಚೂಪಾಗಿ.

ಕಂಠವನ್ನು ಬಿಡಿಸಿ ಕೇಳಲು ಅಮೆರಿಕದ ಎಲಿಯಟ್ ಸ್ಮಿತ್ ಒಳ್ಳೆಯ ಪಾಠ. 1997ರ 'ಈದರ್/ಆರ್' ಆಲ್ಬಮ್ಮಿನಲ್ಲಿ ಅವನು ಒಂದೇ ಸಾಲನ್ನು ಪಿಸುದನಿಯಲ್ಲಿ ಎರಡು ಸಲ ಹಾಡಿ ಒಂದರ ಮೇಲೊಂದು ಕೂರಿಸುತ್ತಾನೆ. ಎರಡೂ ಕೂದಲೆಳೆಯಷ್ಟು ಹೊಂದುವುದಿಲ್ಲ. ಆ ಕೂದಲೆಳೆಯ ಅಂತರದಿಂದಲೇ ದನಿಗೆ ಮೈ ಬರುತ್ತದೆ.

ಇಷ್ಟೆಲ್ಲ ಹೊಗಳಿದ ಮೇಲೆ ಹೇಳಲೇಬೇಕು, ಮೆಲ್ಲಗಿರುವುದೆಲ್ಲ ಒಳ್ಳೆಯದಲ್ಲ. ನೂರರಲ್ಲಿ ತೊಂಬತ್ತು ಹಾಡು ಜೊಳ್ಳು. ಯುಕುಲೇಲೆ, ಚಪ್ಪಾಳೆ, ನಿದ್ದೆಗಣ್ಣಿನ ಹೆಣ್ಣುದನಿ ಇಷ್ಟನ್ನು ಬೆರೆಸಿ ವಿಮಾ ಕಂಪನಿಯ ಜಾಹೀರಾತಿಗೆ ಹೊಲಿದ ಹಾಡುಗಳನ್ನು ಕೇಳಿದರೆ ನನಗೆ ಮೆಟಾಲಿಕಾದ ಮೇಲೆ ಗೌರವ ಹೆಚ್ಚುತ್ತದೆ. ನಾನು ನೋಡುವುದು ಇಷ್ಟು: ಹಾಡುವವರು ಕೂಗಲು ಕಾರಣವಿದ್ದೂ ಕೂಗದೆ ಇದ್ದಾರೆಯೇ? ಮರ್ಡಾಕ್‌ಗೆ ಕಾರಣವಿತ್ತು, ಅಮೇಲಿಯಾಗೆ ಇತ್ತು. ಹೇಳಲು ಏನೂ ಇಲ್ಲದವನ ಮೌನಕ್ಕೆ ಕಿವಿಗೊಟ್ಟು ಏನು ಪ್ರಯೋಜನ?

ಜಾಹೀರಾತನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಹಾಡುಗಾರ ನಿಕ್ ಡ್ರೇಕ್ 1972ರಲ್ಲಿ ಬಂದ ತನ್ನ 'ಪಿಂಕ್ ಮೂನ್' ಆಲ್ಬಮ್ಮನ್ನು ಎರಡು ರಾತ್ರಿಗಳಲ್ಲಿ ಬಹುಪಾಲು ಬರೀ ಗಿಟಾರಿನ ಜೊತೆ ಹಾಡಿ ಮುಗಿಸಿದ್ದ. ಕೊಂಡವರು ಬೆರಳೆಣಿಕೆ. ಎರಡು ವರ್ಷಕ್ಕೆ, 26ನೆಯ ವಯಸ್ಸಿನಲ್ಲಿ ತೀರಿಹೋದ. ಅವನನ್ನು ಅಮೆರಿಕದ ಮನೆಮನೆಗೆ ತಲುಪಿಸಿದ್ದು ಕಾಲು ಶತಮಾನದ ಮೇಲೆ ಬಂದ ಫೋಕ್ಸ್‌ವ್ಯಾಗನ್ ಕಾರಿನ ಒಂದು ಜಾಹೀರಾತು. ಹಾಗೆಯೇ 2005ರಲ್ಲಿ ಸೋನಿ ಟೀವಿಯ ಜಾಹೀರಾತಿಗಾಗಿ ಸ್ಯಾನ್‌ಫ್ರಾನ್ಸಿಸ್ಕೋದ ಇಳಿಜಾರು ರಸ್ತೆಗಳಲ್ಲಿ ಬಣ್ಣಬಣ್ಣದ ಎರಡೂವರೆ ಲಕ್ಷ ಪುಟಿಚೆಂಡುಗಳನ್ನು ಉರುಳಿಸಿಬಿಟ್ಟರು. ಹಿನ್ನೆಲೆಯಲ್ಲಿ ಸ್ವೀಡನ್ನಿನ ಹೋಸೆ ಗೊನ್ಸಾಲೆಸ್ ಒಂದು ಗಿಟಾರು ಹಿಡಿದು ಹಾಡಿದ್ದ. ಅವನ ತಟ್ಟೆಯನ್ನು ಬ್ರಿಟನ್ನಿನಲ್ಲಿ ತಂದದ್ದು ಪೀಸ್‌ಫ್ರಾಗ್ ಎಂಬ ಸಣ್ಣ ಲೇಬಲ್ಲು. ಆ ಲೇಬಲ್ಲಿನ ಪಟ್ಟಿಯಲ್ಲಿ ಕೆಳಗೆ ಸರಿಯುತ್ತ ಹೋದರೆ ಕೋಲ್ಕತ್ತದ ಪಾರೇಖ್ ಅಂಡ್ ಸಿಂಗ್ ಸಿಗುತ್ತಾರೆ. ಅಚ್ಚುಕಟ್ಟು ಬಣ್ಣದ ಸೂಟು ತೊಟ್ಟು, ಹಗುರ ದನಿಯಲ್ಲಿ ಇಂಗ್ಲಿಷ್ ಪಾಪ್ ಹಾಡುವ ಜೋಡಿ.

ಹೊಸ ಹಾಡು ಹುಡುಕುವ ನನ್ನ ದಾರಿ ಇದೇ: ಹಾಡಿನಿಂದ ಲೇಬಲ್ಲಿಗೆ, ಲೇಬಲ್ಲಿನಿಂದ ಇನ್ನೊಬ್ಬರಿಗೆ. ಬೆಲ್ ಅಂಡ್ ಸೆಬಾಸ್ಟಿಯನ್ ಹಿಡಿಸಿದರೆ ಗ್ಲಾಸ್ಗೋದವರೇ ಆದ ಕ್ಯಾಮೆರಾ ಅಬ್ಸ್ಕ್ಯೂರಾ ಕಡೆ ಹೋಗಿ. ಅವರ ಮೊದಲ ಆಲ್ಬಮ್ಮಿನ ಒಂದು ಹಾಡನ್ನು ರೂಪಿಸಿಕೊಟ್ಟವನು ಮರ್ಡಾಕನೇ. ಅಲ್ಲಿಂದ ಹಿಂದಕ್ಕೆ ಹೋದರೆ 1980ರಲ್ಲಿ ಅದೇ ಊರಿನ ಒಂದು ಫ್ಲ್ಯಾಟಿನಿಂದ ನಡೆಯುತ್ತಿದ್ದ ಪೋಸ್ಟ್‌ಕಾರ್ಡ್ ರೆಕಾರ್ಡ್ಸ್, ಅದರ ಬ್ಯಾಂಡು ಆರೆಂಜ್ ಜ್ಯೂಸ್. ನಮ್ಮಲ್ಲಿನ ಪ್ರತೀಕ್ ಕುಹಾಡ್ ಅಂತೂ ಈಗ ಎಲ್ಲರಿಗೂ ಗೊತ್ತು. 2019ರಲ್ಲಿ ಬರಾಕ್ ಒಬಾಮಾ ತನ್ನ ಮೆಚ್ಚಿನ ಹಾಡುಗಳ ಪಟ್ಟಿಯಲ್ಲಿ ಅವನ ಹಾಡನ್ನು ಸೇರಿಸಿದ ಮೇಲೆ ದೆಹಲಿಯ ಅಂಕಲ್‌ಗಳೂ ಕೇಳಿದರು.

ಇಷ್ಟು ಕಷ್ಟ ಯಾಕೆ, ಸಂಗೀತದ ಆ್ಯಪ್ ತಾನೇ ತಾನಾಗಿ ಹಾಕುತ್ತದಲ್ಲ ಎನ್ನಬಹುದು. ಹಾಕುತ್ತದೆ ನಿಜ. ಆದರೆ ಅದು ಹಾಡನ್ನು ಇಡುವುದು 'ಚಿಲ್', 'ಓದಿಗೆ', 'ನಿದ್ದೆಗೆ' ಎಂಬ ಡಬ್ಬಿಗಳಲ್ಲಿ. ಆ ಡಬ್ಬಿಯಲ್ಲಿ ಹಾಡಿನ ಗುಣ ಒಂದೇ, ಕೇಳುಗ ಅದನ್ನು ಗಮನಿಸದಿರುವುದು. ಗಮನಿಸಿ ಬೇಸರವಾದರೆ ಮುಂದಿನದಕ್ಕೆ ಹಾರುತ್ತಾನೆ, ಆ್ಯಪಿಗೆ ಅದು ನಷ್ಟ. ಲಿಜ್ ಪೆಲ್ಲಿ ಎಂಬ ಅಮೆರಿಕದ ಪತ್ರಕರ್ತೆ 2025ರಲ್ಲಿ ತಂದ 'ಮೂಡ್ ಮಷೀನ್' ಪುಸ್ತಕದಲ್ಲಿ ಸ್ಪಾಟಿಫೈಯ ಇಂಥ ಪಟ್ಟಿಗಳನ್ನು ಬೆನ್ನಟ್ಟಿದ್ದಾಳೆ. ಯಾರೂ ಗಮನಿಸದ ಜಾಗದಲ್ಲಿ, ಅಗ್ಗಕ್ಕೆ ಗುತ್ತಿಗೆ ಕೊಟ್ಟು ಮಾಡಿಸಿದ, ಸುಳ್ಳು ಹೆಸರಿನ ಕಲಾವಿದರ ಸಂಗೀತ ಹೇಗೆ ತುಂಬಿಕೊಂಡಿತು ಎಂಬುದು ಅವಳ ತನಿಖೆ. ನಿಜವಾದ ಮೆಲುದನಿಯ ಬ್ಯಾಂಡಿಗೆ ಈಗ ಸ್ಪರ್ಧಿ ಮೆಟಾಲಿಕಾ ಅಲ್ಲ, ತನ್ನದೇ ನೆರಳು.

ಆ್ಯಪುಗಳ ಇಂಥ ಬಲವನ್ನು ಬಲ್ಲ ಸಾರಾ ರೆಕಾರ್ಡ್ಸಿನವರು ಒಬ್ಬರಿದ್ದಾರೆ, ಹೆವನ್ಲಿಯ ಅಮೇಲಿಯಾ ಫ್ಲೆಚರ್. ಬ್ಯಾಂಡಿನ ಡ್ರಮ್ಮರ್ ಆಗಿದ್ದ ಅವರ ತಮ್ಮ ಮ್ಯಾಥ್ಯೂ 1996ರಲ್ಲಿ ತೀರಿಕೊಂಡ ಮೇಲೆ ಆ ಬ್ಯಾಂಡು ನಿಂತಿತು. ಅಮೇಲಿಯಾ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ಬ್ರಿಟನ್ನಿನಲ್ಲಿ ಏಕಸ್ವಾಮ್ಯದ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಗೆ ಮುಖ್ಯ ಅರ್ಥಶಾಸ್ತ್ರಜ್ಞೆಯಾದರು, ಆಮೇಲೆ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್. ದೊಡ್ಡ ತಂತ್ರಜ್ಞಾನ ಕಂಪನಿಗಳು ಮಾರುಕಟ್ಟೆಯನ್ನು ಹೇಗೆ ಹಿಡಿತದಲ್ಲಿಟ್ಟುಕೊಂಡಿವೆ ಎಂದು ನೋಡಲು ಬ್ರಿಟಿಷ್ ಸರ್ಕಾರ ನೇಮಿಸಿದ, 2019ರಲ್ಲಿ ವರದಿ ಕೊಟ್ಟ ತಜ್ಞರ ಸಮಿತಿಯಲ್ಲಿ ಅವರೂ ಒಬ್ಬ ಸದಸ್ಯೆ. ಬಾಲಿಶ ಎನಿಸಿಕೊಂಡ ಆ ಹುಡುಗಿ! ಈಗ ಹೆವನ್ಲಿಯ ಸಂಗಾತಿ ರಾಬ್ ಪರ್ಸಿಯ ಜೊತೆ ಸೇರಿ ಸ್ಕೆಪ್ ವ್ಯಾಕ್ಸ್ ಎಂಬ ತಮ್ಮದೇ ಪುಟ್ಟ ಲೇಬಲ್ಲು ನಡೆಸುತ್ತಾರೆ. ಹೆವನ್ಲಿಯ ಹಳೆಯ ಆಲ್ಬಮ್ಮುಗಳನ್ನು ಅದರಿಂದಲೇ ಮತ್ತೆ ತಟ್ಟೆಗೆ ಒತ್ತಿಸಿದ್ದಾರೆ. 2023ರಲ್ಲಿ ಬ್ಯಾಂಡು ಲಂಡನ್ನಿನಲ್ಲಿ ಮತ್ತೆ ವೇದಿಕೆ ಹತ್ತಿತು.